4172ನ್ನು ನಿಲ್ಲಿಸಿದ್ದು ಯಾರು

9 ಜನವರಿ

ಪ್ರೀತಿಯ ಅಕ್ಕನಿಗೆ,

ಹೊಸ ವರ್ಷದ ಕಾರ್ಡು ಬಿಟ್ಟರೆ ಹನ್ನೊಂದು ವರ್ಷದಲ್ಲಿ ನಿಮಗೆ ಒಂದು ಸಾಲು ಬರೆದವಳಲ್ಲ ನಾನು. ಈಗ ಇದ್ದಕ್ಕಿದ್ದಂತೆ ಲಕೋಟೆ ಬಂದಿದ್ದು ನೋಡಿ, “ಇವಳಿಗೇನು ಬಂತಪ್ಪಾ ಕೇಡುಗಾಲ” ಅಂತ ಕನ್ನಡಕ ಹುಡುಕುತ್ತಿರುತ್ತೀರಿ. ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ. ನೀವು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಅದರ ಒಂದು ಕಾಲು ಇನ್ನೂ ಗಿಡ್ಡ.

ಸಮಾಚಾರ ಏನೆಂದರೆ, ನಮ್ಮ ಉಬ್ಬರವಿಳಿತದ ಕಚೇರಿಯ ಹಳೆಯ ಮಷೀನು ಕೊನೆಗೂ ನಿವೃತ್ತಿಯಾಗುತ್ತಿದೆ. ಯಾವ ಬಂದರಿನಲ್ಲಿ ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವ ಪಟ್ಟಿಯನ್ನು ಇನ್ನು ಮುಂದೆ ಹೊಸ ಮಷೀನು ತಯಾರಿಸುತ್ತದೆ. ನೀವು ಹದಿನೆಂಟು ದಿನ ಹಗಲೂ ಇರುಳೂ ಓಡಿಸುತ್ತಿದ್ದ ಲೆಕ್ಕವನ್ನು ಇದು ನಾವು ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಮುಗಿಸುತ್ತದಂತೆ. ನಿಮಗೆ ಹೊಟ್ಟೆ ಉರಿಯಲಿ ಅಂತಲೇ ಈ ಮಾತು ಬರೆದೆ.

ಮಷೀನು ಏನೇನು ಮಾಡಬೇಕು ಅಂತ ಸಾಲುಸಾಲಾಗಿ ಬರೆದಿಟ್ಟ ಹಳೆಯ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ಓದಿ ಹೊಸದಕ್ಕೆ ದಾಟಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಕ್ಕದಲ್ಲಿ ನಿಮ್ಮ ನೀಲಿ ರಟ್ಟಿನ ರಿಜಿಸ್ಟರ್ ಇಟ್ಟುಕೊಂಡಿದ್ದೇನೆ. ಹೊಸಬರಿಗೆ ಅದನ್ನು ನೋಡಿದರೆ ನಗು. “ಸಾಲಿನ ಕೊನೆಗೆ & ಹಾಕಿ ಕೆಲಸಾನ ಹಿನ್ನೆಲೆಗೆ ಕಳಿಸಿದ್ರೆ ಮಷೀನೇ ಅದಕ್ಕೊಂದು ನಂಬರು ಕೊಡುತ್ತಲ್ಲ ಮೇಡಂ, $! ಅಂತ ಕೇಳಿದ್ರೆ ಹೇಳುತ್ತೆ. ಪೆನ್ಸಿಲಲ್ಲಿ ಯಾಕೆ ಬರೀತಿದ್ರಿ?” ಅಂತ ಕೇಳುತ್ತಾರೆ. ನಾನು ನಿಮ್ಮ ಮಾತನ್ನೇ ಅವರ ಮುಂದೆ ಹೇಳಿದೆ: “ಕಣ್ಣಿಗೆ ಕಾಣದ ಕಡೆ ಕೆಲಸಕ್ಕೆ ಕಳಿಸಿದ ಮೇಲೆ, ಯಾರನ್ನ ಕಳಿಸಿದ್ವಿ ಅಂತ ಬರೆದಿಟ್ಕೋಬೇಕು ಕಣ್ರಮ್ಮ.” ರಿಜಿಸ್ಟರಿನ ಪುಟ ತಿರುವಿ ನೋಡಿದರು. ಆಮೇಲೆ ಮತ್ತೆ ನಕ್ಕರು.

ಒಂದೇ ಒಂದು ಪ್ರಶ್ನೆ ಇದೆ. ರಿಜಿಸ್ಟರಿಗೆ ಬೇಕು, ಅಷ್ಟೆ. ನೀವು ಕೆಲಸ ಬಿಟ್ಟ ವರ್ಷ, ನವೆಂಬರ್ ಒಂದನೇ ತಾರೀಕು ನಿಮ್ಮ ದೊಡ್ಡ ಲೆಕ್ಕ ನಿಂತುಹೋಯಿತಲ್ಲ, ಅವತ್ತು ಬೆಳಿಗ್ಗೆ ನೀವು ಏನೇನು ಮಾಡಿದಿರಿ? ನೆನಪಿದ್ದಷ್ಟು ಬರೆದರೆ ಸಾಕು.

ನಿಮ್ಮ
ಗಡಿಬಿಡಿ


21 ಜನವರಿ

ಏ ಗಡಿಬಿಡಿ,

ರಿಜಿಸ್ಟರಿಗೆ ಬೇಕಂತೆ! ಸುಳ್ಳು ಹೇಳೋದಕ್ಕೂ ಒಂದು ಯೋಗ್ಯತೆ ಬೇಕು ಕಣೇ, ಅದು ನಿನಗೆ ಆಗಲೂ ಇರಲಿಲ್ಲ. ಹೋಗಲಿ, ನಿನ್ನ ಕೈಬರಹ ನೋಡಿ ಸಂತೋಷವಾಯಿತು. ಇನ್ನೂ ಕೋಳಿ ಕೆದರಿದ ಹಾಗೇ ಇದೆ.

ನಾನು ಸುಖವಾಗಿದ್ದೇನೆ. ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟಿದ್ದೇನೆ. ಅಂಚು ಮಡಚುವುದು, ಜಿಪ್ಪು ಬದಲಾಯಿಸುವುದು, ದಪ್ಪಗಾದವರಿಗೆ ಬಿಚ್ಚುವುದು, ಸಣ್ಣಗಾದೆ ಅಂತ ಭ್ರಮೆ ಇರುವವರಿಗೆ ಹಿಡಿಯುವುದು. ಅಳತೆಯನ್ನು ಮೂರು ಸಲ ಗಟ್ಟಿಯಾಗಿ ಓದುತ್ತೇನೆ, ಆಮೇಲೆ ಗಿರಾಕಿಯ ಕೈಗೇ ಚೀಟಿ ಕೊಟ್ಟು ಅವರಿಂದಲೂ ಓದಿಸುತ್ತೇನೆ. ಬಹಳ ಶ್ರದ್ಧೆ ಅಂತ ಬೀದಿಯಲ್ಲೆಲ್ಲ ಹೆಸರಾಗಿದೆ. ಶ್ರದ್ಧೆಯೂ ಇಲ್ಲ, ಗಿದ್ದೆಯೂ ಇಲ್ಲ, ಹೆದರಿಕೆ.

ನೀನು ಕೇಳಿದ್ದಕ್ಕೆ ಉತ್ತರ. ಅವತ್ತು ಒಂಬತ್ತೂವರೆಗೆ ಬಂದೆ. ದೊಡ್ಡ ಲೆಕ್ಕ ಮುಗಿಯುವುದಕ್ಕೆ ಇನ್ನು ಆರು ಗಂಟೆ ಬಾಕಿ ಇತ್ತು, ಅದರ ನಂಬರು 4172. ಡಿಸ್ಕು ತುಂಬದ ಹಾಗೆ ಕಾಯಲಿ ಅಂತ ಅದರ ಜೊತೆಗೇ ಒಂದು ಚಿಕ್ಕ ಕೆಲಸ ಬಿಟ್ಟಿದ್ದೆ, ಅದು 4127. ಇನ್ನು ಅದು ಬೇಡ ಅಂತ ಹತ್ತು ಗಂಟೆ ಹೊತ್ತಿಗೆ 4127ನ್ನು ನಿಲ್ಲಿಸಿದೆ. ಹೋಗಿ ನೀರು ಕುಡಿದು ಬಂದು ನೋಡುತ್ತೇನೆ, ಎರಡೂ ಇಲ್ಲ. ಹದಿನೆಂಟು ದಿನದ ಲೆಕ್ಕ ಮಣ್ಣುಪಾಲು. ಆ ವರ್ಷದ ಪುಸ್ತಕ ತಡವಾಯಿತು, ದೋಣಿಯವರೆಲ್ಲ ಬಾಯಿಗೆ ಬಂದಂತೆ ಬೈದರು.

ನಮ್ಮ ಆಗಿನ ಸಾಹೇಬರು ಒಳ್ಳೆಯವರು, ಜೋರು ಮಾಡಲಿಲ್ಲ. “ಮೊದಲು ಅಂಕಿ ಹಿಂದುಮುಂದು ಹೊಡೆದಿದ್ದೀರಿ, ತಕ್ಷಣ ಸರಿಯಾದ್ದು ಹೊಡೆದಿದ್ದೀರಿ. ಮೊದಲನೇದು ನಿಮಗೆ ಮರೆತುಹೋಗಿದೆ, ಅಷ್ಟೇಮ್ಮ” ಅಂದರು. ನನಗೆ ಒಂದೇ ಸಲ ಹೊಡೆದ ನೆನಪು. ಆದರೆ ನೆನಪನ್ನು ನಂಬುವುದು ಹೇಗೆ ಹೇಳು? ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಒಲೆ ಆರಿಸಿದ್ದೀನಿ ಅಂತ ಆಣೆ ಇಟ್ಟು ಹೇಳೋಳು, ಒಳಗೆ ಹೋಗಿ ನೋಡಿದರೆ ಧಗಧಗ ಉರಿಯುತ್ತಿರೋದು. ಕೊನೆಗೆ ನನ್ನನ್ನೇ ಯಾರು ಅಂದಳು. ಯಾರೂ ನನ್ನನ್ನು ಹೋಗು ಅನ್ನಲಿಲ್ಲ, ಒಂದು ವಾರ ಯೋಚಿಸಿ ನಾನೇ ರಾಜೀನಾಮೆ ಬರೆದೆ.

ಅದು ಹಳೇ ಮಾತು. ಈಗಿನ ತಾಪತ್ರಯ ಬೇರೆ. ಮಗಳಿಗೆ ಹೆಣ್ಣು ಮಗು, ಏಳು ತಿಂಗಳು. ಎರಡು ಬೀದಿ ಆಚೆಗೇ ಮನೆ. ಮೇ ತಿಂಗಳಿಗೆ ಅವಳು ಕೆಲಸಕ್ಕೆ ಹೋಗಬೇಕು, ಹಗಲು ಮಗುವನ್ನು ನೋಡಿಕೋ ಅಮ್ಮಾ ಅಂತಾಳೆ. ನಾನು ಆಗಲ್ಲ ಅಂದೆ. “ನಿಂಗೆ ಮಗು ಬೇಡವಾ?” ಅಂತ ಕೇಳಿಬಿಟ್ಟಳು. ಬೇಡವಂತೆ! ಆ ಮುಖ ನೋಡದ ದಿನ ನನಗೆ ಅನ್ನ ಇಳಿಯಲ್ಲ. ಆದರೆ ಅವಳಿದ್ದಾಗ ಮಾತ್ರ ಎತ್ತಿಕೊಳ್ಳುತ್ತೇನೆ. ಇಬ್ಬರೇ ಇದ್ದಾಗ ಹಾಲು ಕೊಟ್ಟೆನೋ ಇಲ್ಲವೋ, ಸ್ನಾನದ ನೀರು ಬಿಸಿ ನೋಡಿದೆನೋ ಇಲ್ಲವೋ ಅಂತ ಮರೆತರೆ? ಕಾರಣ ಅವಳಿಗೆ ಹೇಳಿಲ್ಲ. ಅಜ್ಜಿ ಹೇಗೆ ಹೋದಳು ಅಂತ ಅವಳು ಕಂಡಿದ್ದಾಳೆ, ಇನ್ನು ಅಮ್ಮನೂ ಅದೇ ದಾರಿ ಅಂತ ಯಾಕೆ ಹೇಳಲಿ?

ಆ ವಿಷಯ ಇಲ್ಲಿಗೆ ಬಿಡು. ನಿನ್ನ ಸುದ್ದಿ ಬರೆ.

ನಿನ್ನ
ಅಕ್ಕ


3 ಫೆಬ್ರವರಿ

ಪ್ರೀತಿಯ ಅಕ್ಕ,

ಪತ್ರ ಬಂತು. ಮಗು ಬಂದಿದ್ದು ಕೇಳಿ ತುಂಬಾ ಖುಷಿಯಾಯಿತು. ಇಲ್ಲಿ ಚಳಿ ಕಡಿಮೆಯಾಗುತ್ತಿದೆ. ಹೊಸ ಮಷೀನಿಗೆ ಹೊಸ ಕೋಣೆ ಮಾಡಿದ್ದಾರೆ, ಗೋಡೆಗೆ ಬಿಳಿ ಬಣ್ಣ.

ಇದರ ಜೊತೆ ನನ್ನ ಜಾಕೆಟ್ ಕಳಿಸುತ್ತಿದ್ದೇನೆ. ಜಿಪ್ಪು ಸರಿ ಇಲ್ಲ. ಈ ಊರಿನಲ್ಲಿ ಒಬ್ಬರಿಗೂ ನೆಟ್ಟಗೆ ಕೈ ನಡೆಯುವುದಿಲ್ಲ, ನೀವೇ ನೋಡಿಕೊಡಿ. ಅವಸರವಿಲ್ಲ.

ನಿಮ್ಮ
ಗಡಿಬಿಡಿ


12 ಫೆಬ್ರವರಿ

ಗಡಿಬಿಡೀ,

ನಿನ್ನ ಜಾಕೆಟ್ ವಾಪಸ್ ಕಳಿಸಿದ್ದೇನೆ. ಜಿಪ್ಪಿಗೆ ಯಾವ ರೋಗವೂ ಇಲ್ಲ. ಇಪ್ಪತ್ತು ಸಲ ಮೇಲೆ ಕೆಳಗೆ ಎಳೆದು ನೋಡಿದೆ, ಬೆಣ್ಣೆಯಂತೆ ಜಾರುತ್ತದೆ. ಪಾರ್ಸೆಲ್ಲು ಮಾಡಿ ಊರಿಂದ ಊರಿಗೆ ಕಳಿಸುವಷ್ಟು ಏನಾಗಿದೆ ನಿನಗೆ?

ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ನವೆಂಬರ್ ಒಂದನೇ ತಾರೀಕಿನ ಬಗ್ಗೆ ಕೇಳಿದೆ, ನಾನು ಬರೆದೆ, ನೀನು ಬಿಳಿ ಬಣ್ಣ ಅಂದೆ. ಹೊಟ್ಟೆಯಲ್ಲಿ ಇರುವುದನ್ನು ಕಕ್ಕು. ನನಗೀಗ ಅರವತ್ತಮೂರು, ಕಾಯುತ್ತಾ ಕೂರುವ ವಯಸ್ಸಲ್ಲ.

ಮಗಳು ಮಗುವನ್ನು ನೋಡಿಕೊಳ್ಳುವವರನ್ನು ಹೊರಗೆ ಹುಡುಕುತ್ತಿದ್ದಾಳೆ. ನನ್ನ ಜೊತೆ ಮಾತು ಎಷ್ಟೋ ಅಷ್ಟೆ.

ಅಕ್ಕ


16 ಫೆಬ್ರವರಿ

ಅಕ್ಕಾ,

ಹೇಳಿಬಿಡುತ್ತೇನೆ. 4172ನ್ನು ನಿಲ್ಲಿಸಿದ್ದು ನೀವಲ್ಲ. ನಾನು.

ಕೈಯಾರೆ ಅಲ್ಲ, ನನ್ನ ಸ್ಕ್ರಿಪ್ಟು. ಸಮುದ್ರದ ಮಾಪಕಗಳಿಂದ ಅಂಕಿ ಹೆಕ್ಕಿ ತರುವ ಪ್ರೋಗ್ರಾಂ ಒಂದಿತ್ತಲ್ಲ, ನಾವು ‘ಹೆಕ್ಕುವವಳು’ ಅಂತ ಕರೆಯುತ್ತಿದ್ದೆವು. ಅದನ್ನು ಹಿನ್ನೆಲೆಗೆ ಬಿಟ್ಟಾಗ ಸಿಗುವ ನಂಬರನ್ನು ನನ್ನ ಸ್ಕ್ರಿಪ್ಟು ಒಂದು ಫೈಲಿನಲ್ಲಿ ಬರೆದಿಡುತ್ತಿತ್ತು. ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಆ ಫೈಲು ಓದಿ, ಅದರಲ್ಲಿರುವ ನಂಬರಿನವಳನ್ನು ನಿಲ್ಲಿಸಿ, ಹೊಸ ತಿಂಗಳಿಗೆ ಹೊಸಬಳನ್ನು ಶುರು ಮಾಡುತ್ತಿತ್ತು.

ಆ ಅಕ್ಟೋಬರ್ ಹದಿನಾಲ್ಕಕ್ಕೆ ಕರೆಂಟು ಹೋಗಿ ಮಷೀನು ಮಲಗಿತು. ಎದ್ದ ಮೇಲೆ ನಾನು ಅವಸರದಲ್ಲಿ ಹೆಕ್ಕುವವಳನ್ನು ಕೈಯಿಂದಲೇ ಶುರು ಮಾಡಿದೆ. ಅವಳಿಗೆ ಹೊಸ ನಂಬರು ಬಂತು, ನಾನು ಫೈಲಿನಲ್ಲಿ ಬರೆಯಲಿಲ್ಲ. ಫೈಲಿನಲ್ಲಿ ಹಳೆಯ ನಂಬರೇ ಉಳಿಯಿತು. ಮಷೀನು ಮಲಗಿ ಎದ್ದರೆ ನಂಬರುಗಳು ಮತ್ತೆ ಸಣ್ಣದರಿಂದ ಶುರುವಾಗುತ್ತವೆ, ಯಾರದೋ ಹಳೆಯ ನಂಬರು ಇನ್ಯಾರಿಗೋ ಸಿಗುತ್ತದೆ. ಮಾರನೆಯ ದಿನ ನೀವು ದೊಡ್ಡ ಲೆಕ್ಕ ಬಿಟ್ಟಿರಿ. ಹೆಕ್ಕುವವಳ ಹಳೆಯ ನಂಬರು ನಿಮ್ಮ ಲೆಕ್ಕಕ್ಕೆ ಬಂತು. ಒಂದನೇ ತಾರೀಕು ಹತ್ತು ಗಂಟೆಗೆ ನನ್ನ ಸ್ಕ್ರಿಪ್ಟು ಫೈಲು ಓದಿತು, ಅದರಲ್ಲಿ 4172 ಅಂತ ಇತ್ತು. ಅದು ಯಾರು ಏನು ಅಂತ ನೋಡಲಿಲ್ಲ, ಹೊಡೆದು ಹಾಕಿತು.

ಇದು ಊಹೆಯಲ್ಲ. ಈ ಜನವರಿ ಒಂದಕ್ಕೆ ರಜೆಯ ದಿನ ನಾನೊಬ್ಬಳೇ ಕೂತು ಹಳೆಯ ಫೈಲುಗಳನ್ನು ನಕಲು ಮಾಡುತ್ತಿದ್ದೆ. ಸರಿಯಾಗಿ ಹತ್ತು ಗಂಟೆಗೆ ನಕಲು ತಾನಾಗಿ ನಿಂತಿತು. ವಾರದ ಹಿಂದೆ ಕರೆಂಟು ಹೋದಾಗ ಪಾಳಿಯವರು ನನ್ನ ಹಾಗೇ ಕೈಯಿಂದ ಶುರು ಮಾಡಿದ್ದರು. ಫೈಲಿನಲ್ಲಿ ಉಳಿದ ಹಳೆಯ ನಂಬರು ನನ್ನ ನಕಲಿಗೆ ಸಿಕ್ಕಿತ್ತು, ಆಗ ಆ ನವೆಂಬರ್ ನೆನಪಾಯಿತು ಅಕ್ಕಾ. ಕಪಾಟಿನ ತಳದಿಂದ ಆ ವರ್ಷದ ಅಕ್ಟೋಬರಿನ ಬ್ಯಾಕಪ್ ಟೇಪು ತೆಗೆದೆ. ಆ ಫೈಲು ಅದರಲ್ಲಿದೆ, ಒಂದೇ ಸಾಲು, 4172. ನಿಮ್ಮ ರಿಜಿಸ್ಟರಿನಲ್ಲಿ ನಿಮ್ಮ ಪೆನ್ಸಿಲಿನಲ್ಲಿ ದೊಡ್ಡ ಲೆಕ್ಕದ ಮುಂದೆಯೂ 4172. ಇನ್ನೂ ಒಂದು ಸಾಕ್ಷಿ. ಆ ನವೆಂಬರಿನಲ್ಲಿ ಮಾಪಕದ ಅಂಕಿಗಳೆಲ್ಲ ಎರಡೆರಡು ಸಲ ಬಂದಿದ್ದವು. ಮಾಪಕ ಕೆಟ್ಟಿದೆ ಅಂದುಕೊಂಡು ನಾನು ಜೋಡಿ ಸಾಲುಗಳನ್ನು ಅಳಿಸುತ್ತ ಕೂತಿದ್ದೆ. ನಿಲ್ಲಬೇಕಾದವಳು ನಿಂತಿರಲಿಲ್ಲ, ಇಬ್ಬರು ಹೆಕ್ಕುತ್ತಿದ್ದರು. ಅವತ್ತೇ ಒಂದು ನಿಮಿಷ ಯೋಚಿಸಿದ್ದರೆ ನೀವು ನಿವೃತ್ತಿಯವರೆಗೂ ನನ್ನ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದಿರಿ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗೆ ಗೊತ್ತಾದರೂ ಇತ್ತು, ನನಗೆ ಗೊತ್ತೂ ಇರಲಿಲ್ಲ. ಜನವರಿಯಲ್ಲೇ ಹೇಳಬೇಕಿತ್ತು. ನಿಮ್ಮ ಪತ್ರದಲ್ಲಿ ಮಗುವಿನ ಸಂಗತಿ ಓದಿದ ಮೇಲೆ ಹೇಳಲಾರದೆ ಬಿಳಿ ಬಣ್ಣ, ಜಿಪ್ಪು ಅಂತ ಏನೇನೋ ಬರೆದೆ. ಕೆಲಸ ಹೋಗಿದ್ದು ಮಾತ್ರ ಅಂದುಕೊಂಡಿದ್ದೆ ನಾನು.

ನಿಮ್ಮ ನೆನಪು ಸರಿಯಾಗಿತ್ತು ಅಕ್ಕ. ನೀವು ಒಂದೇ ಸಲ ಹೊಡೆದಿದ್ದು.

ಗಡಿಬಿಡಿ


19 ಮಾರ್ಚ್

ಅಕ್ಕ,

ತಿಂಗಳಾಯಿತು, ನಿಮ್ಮ ಉತ್ತರ ಇಲ್ಲ. ಕೇಳುವ ಮುಖ ನನಗೂ ಇಲ್ಲ. ಎರಡು ವಿಷಯ ಮಾತ್ರ ತಿಳಿಸುತ್ತೇನೆ.

ಆಗಿನ ಸಾಹೇಬರನ್ನು ಹುಡುಕಿಕೊಂಡು ಹೋದೆ. ಗಿಡಗಳಿಗೆ ನೀರು ಹಾಕುತ್ತಿದ್ದರು. ಟೇಪಿನ ವಿಷಯ ಹೇಳಿದೆ. ಕೊಳವೆ ಕೆಳಗಿಟ್ಟು, “ನಾನು ಆ ಯಮ್ಮನ ಮಾತು ನಂಬಬೇಕಿತ್ತು” ಅಂದರು. ನೀರು ಹರಿದು ಚಪ್ಪಲಿ ನೆನೆಯುತ್ತಿತ್ತು, ಇಬ್ಬರಿಗೂ ನಲ್ಲಿ ನಿಲ್ಲಿಸುವ ಜ್ಞಾನ ಇರಲಿಲ್ಲ. ರಿಜಿಸ್ಟರಿನ ಆ ಪುಟದಲ್ಲಿ ಕಾರಣ ಬರೆದು ಇಬ್ಬರೂ ಸಹಿ ಮಾಡಿದ್ದೇವೆ.

ಎರಡನೆಯದು, ಸ್ಕ್ರಿಪ್ಟು ತಿದ್ದಿದ್ದೇನೆ. ನಂಬರಿನ ಜೊತೆಗೆ ಹೆಸರನ್ನೂ ಶುರುವಾದ ಹೊತ್ತನ್ನೂ ಬರೆದಿಡುತ್ತದೆ. ಮೂರೂ ಹೊಂದಿದರೆ ಮಾತ್ರ ನಿಲ್ಲಿಸುತ್ತದೆ.

ಗಡಿಬಿಡಿ


28 ಮಾರ್ಚ್

ನಿನ್ನ ಎರಡೂ ಪತ್ರ ಬಂದಿವೆ. ಇನ್ನೂ ಬೈಯುವಷ್ಟು ಕೋಪ ಇಳಿದಿಲ್ಲ, ಈಗ ಬೈದರೆ ಜಾಸ್ತಿಯಾಗುತ್ತದೆ. ಹಳೆಯ ಸ್ಕ್ರಿಪ್ಟಿನ ಪ್ರತಿ ಕಳಿಸು. ತಿದ್ದದೇ ಇರುವುದು. ಪೂರ್ತಿ.

ಅಕ್ಕ


1 ಏಪ್ರಿಲ್

ಅಕ್ಕ,

ಇಟ್ಟಿದ್ದೇನೆ. ಒಟ್ಟು ಒಂಬತ್ತು ಸಾಲು. ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಮಾಡಿತು ಅಂತ ನೋಡಿದಾಗಲೆಲ್ಲ ನಾಚಿಕೆಯಾಗುತ್ತದೆ.

ಗಡಿಬಿಡಿ


9 ಮೇ

ಪ್ರೀತಿಯ ಗಡಿಬಿಡಿ,

ನಿಧಾನವಾಗಿ ಓದು, ಉದ್ದ ಇದೆ.

ಮೊದಲು ಬೈಗುಳ ಮುಗಿಸುತ್ತೇನೆ. ಮಾರ್ಚ್ ತಿಂಗಳು ಪೂರ್ತಿ ನಿನ್ನ ಮೇಲೆ ಹಲ್ಲು ಕಡಿದಿದ್ದೇನೆ. ಹನ್ನೊಂದು ವರ್ಷ ಕಣೇ! ಬೀಗ ಹಾಕಿ ಅರ್ಧ ಬೀದಿ ಹೋಗಿ ವಾಪಸ್ ಬಂದು ಜಗ್ಗಿ ನೋಡಿದ್ದು ಎಷ್ಟು ಸಲವೋ. ನಿನ್ನ ಪತ್ರ ಬಂದ ದಿನ ಒಬ್ಬರ ಕೋಟಿನ ತೋಳನ್ನು ತಲೆಕೆಳಗಾಗಿ ಹೊಲಿದೆ. ಅದು ಮರೆವಲ್ಲ, ಕಣ್ಣಲ್ಲಿ ನೀರು ತುಂಬಿ ಸೂಜಿ ಕಾಣಲಿಲ್ಲ. ಇಷ್ಟು ಹೇಳಿದ ಮೇಲೆ ಇನ್ನು ಆ ಬಾಬ್ತು ಮುಗಿಯಿತು. ನೀನು ಕಪಾಟು ಮುಚ್ಚಿ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದು ನನಗೆ ಗೊತ್ತು.

ಆದರೆ ನೀನು ಬರೆದ ಮಾತ್ರಕ್ಕೆ ನಾನು ನಂಬಿಬಿಡಬೇಕಾ? ಕನಿಕರಕ್ಕೆ ಬರೆದಿರಬಹುದು ಅಂತಲೂ ಅನ್ನಿಸಿತು. ಅದಕ್ಕೇ ಸ್ಕ್ರಿಪ್ಟು ಕೇಳಿದ್ದು. ಅಳಿಯನ ಹಳೆಯ ಲ್ಯಾಪ್‌ಟಾಪ್ ಮಂಚದ ಕೆಳಗೆ ಬಿದ್ದಿತ್ತು. “ಏನತ್ತೇ, ಈ ವಯಸ್ಸಲ್ಲಿ?” ಅಂತ ನಗುತ್ತಲೇ ಬೇಕಾದ್ದೆಲ್ಲ ಹಾಕಿಕೊಟ್ಟ. ಬೆರಳು ಮರೆತಿರಲಿಲ್ಲ ಕಣೇ. ಸಾಲಿನ ಕೊನೆಗೆ & ತಾನಾಗಿ ಬಂದು ಕೂತಿತು.

ಹೆಕ್ಕುವವಳ ಬದಲಿಗೆ ಸುಮ್ಮನೆ ನಿದ್ದೆ ಮಾಡುವ ಒಂದು ಕೆಲಸ ಬಿಟ್ಟೆ. ಅದರ ನಂಬರನ್ನು ನಿನ್ನ ಸ್ಕ್ರಿಪ್ಟು ಫೈಲಿಗೆ ಬರೆದುಕೊಂಡಿತು. ಕರೆಂಟು ಹೋದ ಹಾಗೆ ಬಟನ್ ಒತ್ತಿ ಹಿಡಿದು ಲ್ಯಾಪ್‌ಟಾಪ್ ಆರಿಸಿದೆ, ಮತ್ತೆ ಎಬ್ಬಿಸಿದೆ. ಆಮೇಲೆ ಚಿಲ್ಲರೆ ಕೆಲಸಗಳನ್ನು ಒಂದರ ಹಿಂದೆ ಒಂದು ಬಿಡುತ್ತ ಹೋದೆ, ಆ ನಂಬರಿನ ಸರದಿ ಬರುವವರೆಗೆ. ಸರದಿ ಬಂದಾಗ ಅಂಕಿ ಕೂಡುತ್ತ ಹೋಗುವ ಒಂದು ಲೆಕ್ಕವನ್ನು ಅದರ ಮೇಲೆ ಕೂರಿಸಿದೆ. ಎರಡು ಸಂಜೆ ಹಿಡಿಯಿತು, ನಾಲ್ಕು ಸಲ ಸರದಿ ತಪ್ಪಿತು. ನಿನ್ನ ಸ್ಕ್ರಿಪ್ಟನ್ನು ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ತಾನಾಗಿ ಓಡುವ ಹಾಗೆ ಇಟ್ಟೆ.

ಮಗಳನ್ನು ಕರೆದೆ. ಮುನಿಸಿನಲ್ಲೇ ಬಂದಳು, ಕಂಕುಳಲ್ಲಿ ಮಗು. “ಕೂತ್ಕೋ, ನನ್ನ ಕೈ ನೋಡ್ತಿರು” ಅಂದೆ. “ಏನಮ್ಮಾ ಇದು ಜಾದೂನಾ?” ಅಂದಳು. ನಾನು ಕೀಲಿಮಣೆಯಿಂದ ದೂರ ಕುರ್ಚಿ ಎಳೆದು ಕೈಕಟ್ಟಿ ಕೂತೆ. ಪರದೆಯ ಮೇಲೆ ಅಂಕಿ ಏರುತ್ತಿತ್ತು. ಹತ್ತು ಗಂಟೆಯಾಯಿತು. ನಿಂತುಬಿಟ್ಟಿತು. ನಾನು ಮುಟ್ಟಿರಲಿಲ್ಲ.

“ಆಯ್ತಾ? ಇಷ್ಟೇನಾ?” ಅಂದಳು ಮಗಳು. ನಾನು ಅಳುತ್ತಿದ್ದೆ. ಅವಳಿಗೆ ಗಾಬರಿ. ಆಗ ಎಲ್ಲ ಹೇಳಿದೆ, 4127, 4172, ಅಜ್ಜಿ, ಒಲೆ, ಮಗುವನ್ನು ಯಾಕೆ ಆಗಲ್ಲ ಅಂದೆ ಅನ್ನುವುದು. ಅವಳು ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಆಮೇಲೆ ಸರಿಯಾಗಿ ಬೈದಳು. “ಇಷ್ಟು ವರ್ಷ ಒಬ್ಬಳೇ ಇಟ್ಕೊಂಡಿದ್ಯಲ್ಲ, ನಾನೇನು ಸತ್ತಿದ್ನಾ?” ಅಂತ. ಮಾರನೆಯ ದಿನ ಅವಳ ಒತ್ತಾಯಕ್ಕೆ ಡಾಕ್ಟರ ಹತ್ತಿರವೂ ಹೋಗಿಬಂದೆ. ಒಂದು ಗಂಟೆ ಏನೇನೋ ಕೇಳಿದರು, ನೂರರಿಂದ ಏಳೇಳು ಕಳೆಯಿಸಿದರು. “ನಿಮ್ಮ ನೆನಪಿಗೆ ಏನೂ ಆಗಿಲ್ಲ. ಸುಮ್ಮನೆ ನನ್ನ ಸಮಯ ಹಾಳು ಮಾಡಿದ್ರಿ” ಅಂತ ನಕ್ಕರು. ಅಷ್ಟು ಸಿಹಿಯಾದ ಬೈಗುಳ ನಾನು ಕೇಳಿರಲಿಲ್ಲ.

ಇನ್ನು ನಿನ್ನ ತಿದ್ದಿದ ಸ್ಕ್ರಿಪ್ಟು. ಪರವಾಗಿಲ್ಲ, ಆದರೆ ಪೂರ್ತಿ ಸರಿಯಿಲ್ಲ. ಆ ಫೈಲನ್ನು ಮಷೀನು ಮಲಗಿ ಎದ್ದಾಗ ತಾನಾಗಿ ಖಾಲಿಯಾಗುವ ಜಾಗದಲ್ಲಿ ಇಡು, ಹಳೆಯ ನಂಬರು ಉಳಿಯುವ ಮಾತೇ ಬರುವುದಿಲ್ಲ. ಶುರು ಮಾಡಿದ ಸ್ಕ್ರಿಪ್ಟು ಕೆಲಸ ಬಿಟ್ಟು ಎದ್ದು ಹೋಗಬಾರದು. $! ಹಿಡಿದುಕೊಂಡು ವೇಟ್ ಮಾಡುತ್ತ ಕೂತಿರಲಿ, ಮುಗಿದ ತಕ್ಷಣ ಫೈಲು ಅಳಿಸಲಿ. ಕೈಯಿಂದ ಯಾರೂ ಶುರು ಮಾಡದ ಹಾಗೆ ಗೋಡೆಗೆ ಒಂದು ಚೀಟಿ ಅಂಟಿಸು. ಪೆನ್ಸಿಲು ಮಾತ್ರ ಬಿಡಬೇಡ. ನಗುವವರು ನಗಲಿ.

ಮಗಳು ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾಳೆ. ಅಂಗಡಿಯ ಕೋಣೆಯಲ್ಲೇ ತೊಟ್ಟಿಲು. ಹೊಲಿಗೆ ಮಷೀನಿನ ಸದ್ದಿಗೆ ಅದಕ್ಕೆ ಒಳ್ಳೆ ನಿದ್ದೆ, ನಿಲ್ಲಿಸಿದರೆ ಕಣ್ಣು ಬಿಡುತ್ತದೆ. ಹಾಗಾಗಿ ಗಿರಾಕಿ ಇರಲಿ ಬಿಡಲಿ ತುಳಿಯುತ್ತಲೇ ಇರುತ್ತೇನೆ.

ನಿನ್ನೆ ಮಧ್ಯಾಹ್ನ ಮಗಳು ಆಫೀಸಿನಿಂದ ಫೋನ್ ಮಾಡಿ, “ಅಮ್ಮಾ, ಒಂದು ಗಂಟೆಯ ಹಾಲು ಕೊಟ್ಯಾ?” ಅಂತ ಕೇಳಿದಳು. ಬಾಟಲಿ ಅಡಿಗೆಮನೆಯಲ್ಲಿತ್ತು, ನಾನು ಅಂಗಡಿಯ ಕೋಣೆಯಲ್ಲಿದ್ದೆ.

“ಕೊಟ್ಟೆ” ಅಂದೆ. ಎದ್ದು ಹೋಗಿ ನೋಡಲಿಲ್ಲ.

ನಿನ್ನ
ಅಕ್ಕ